ಮೇಲಿನ ಹನ್ನೆರಡು ಸ್ವರಗಳು

ಬೆಂಗಳೂರಿನಲ್ಲಿ ಪಿಯಾನೊ ಶ್ರುತಿ ಮಾಡುವ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗಿಯರು ಕಳೆದ ತಿಂಗಳು ಫೋನ್ ಮಾಡಿ, "ಆಂಟಿ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು?" ಎಂದು ಕೇಳಿದರು. ಸೊಂಟ ನೋವು ಎಂದೆ. ಇಬ್ಬರೂ ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ. ಮೂವತ್ತು ವರ್ಷ ಬಗ್ಗಿ ನಿಂತವರ ಸೊಂಟ ಏನಾಗುತ್ತದೆ ಎಂದು ಅವರಿಗೂ ಒಂದು ದಿನ ಗೊತ್ತಾಗುತ್ತದೆ. ಆದರೆ ಫೋನ್ ಇಟ್ಟ ಮೇಲೆ, ಅದು ಎರಡನೆಯ ಕಷ್ಟ, ಮೊದಲನೆಯದನ್ನು ಹೇಳಲೇ ಇಲ್ಲವಲ್ಲ ಎನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರವತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಮೂರ್ತಿಯವರಿಗೆ ಅಮೆರಿಕದ ಪಿಸ್ಕಾಟವೇಯ ಟೆಲಿಫೋನ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮನೆ ಮಾತ್ರ ಸಿಕ್ಕಿದ್ದು ದೂರದ ಕಾರ್ನಿಯಲ್ಲಿ. ಅದು ನ್ಯೂಜೆರ್ಸಿಯಲ್ಲಿದ್ದರೂ ಸ್ಕಾಟ್ಲೆಂಡಿನ ಒಂದು ತುಂಡು. ನೂಲಿನ ಗಿರಣಿಗೆಂದು ಹಡಗು ಹತ್ತಿ ಬಂದವರ ಮಕ್ಕಳು ಮೊಮ್ಮಕ್ಕಳು ಬೀದಿ ತುಂಬ ಇದ್ದರು. ಅಂಗಡಿಗಳಲ್ಲಿ ಮಾಂಸದ ಕಡುಬು, ಕರಿದ ಮೀನು. ನಾವಿಬ್ಬರೂ ಬ್ರೆಡ್ಡು ಆಲೂಗಡ್ಡೆ ತಿಂದುಕೊಂಡಿದ್ದೆವು. ಮೂರ್ತಿ ಬೆಳಿಗ್ಗೆ ಏಳಕ್ಕೆ ಡ್ರೈವ್ ಮಾಡಿಕೊಂಡು ಹೊರಟರೆ ಬರುವುದು ಸಂಜೆಗೆ. ಅಲ್ಲಿಯವರೆಗೂ ನಾನು ಕಿಟಕಿ ಕಾಯಬೇಕು.

ಒಂದು ದಿನ ಕೆಳಗಿನ ಬೀದಿಯ ಪಿಯಾನೊ ಅಂಗಡಿಯ ಗಾಜಿನ ಮೇಲೆ ಚೀಟಿ ಕಂಡೆ. ಸಹಾಯಕರು ಬೇಕು, ಕಿವಿ ಚೆನ್ನಾಗಿರಬೇಕು ಎಂದಿತ್ತು. ನನ್ನ ಕಿವಿ ಚೆನ್ನಾಗಿತ್ತು. ಮೈಸೂರಿನಲ್ಲಿ ನಮ್ಮಪ್ಪ ವೀಣೆಗೆ ಮೇಳ ಕಟ್ಟುತ್ತಿದ್ದರು. ಎಂದರೆ, ದಂಡಿಗೆ ಕರಿ ಮೇಣ ಮೆತ್ತಿ ಇಪ್ಪತ್ತನಾಲ್ಕು ಮೆಟ್ಟಿಲನ್ನು ಒಂದೊಂದಾಗಿ ಸ್ವರ ನೋಡಿ ಕೂರಿಸುವ ಕೆಲಸ. ಮೇಣ ಕಾಯಿಸುವುದೂ ತಂತಿ ಮೀಟುವುದೂ ನನ್ನ ಪಾಲು. "ಮೇಲಾ, ಕೆಳಗಾ?" ಎಂದು ಅಪ್ಪ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಓದಿದ್ದು ಬಿ.ಎ., ಕಲಿತಿದ್ದು ಇದು.

ಅಂಗಡಿಯ ಮಾಲೀಕ ಡಂಕನ್ ಅವರಿಗೆ ಅರವತ್ತು ದಾಟಿತ್ತು. ಕೆಂಪು ಮುಖ, ತಲೆಯ ಮೇಲೆ ಚಪ್ಪಟೆ ಟೋಪಿ. ಸೀರೆಯುಟ್ಟವಳು ಒಳಗೆ ಬಂದಾಗ ದಾರಿ ತಪ್ಪಿದ್ದೇನೆ ಎಂದುಕೊಂಡರು. ಚೀಟಿ ತೋರಿಸಿದೆ. ಅರೆಮನಸ್ಸಿನಿಂದ ಎರಡು ತಂತಿ ಮೀಟಿ ಯಾವುದು ಮೇಲು ಎಂದು ಕೇಳಿದರು. ಹೇಳಿದೆ. ಜೊತೆಗೆ, ಪಕ್ಕದ ಮೂರನೆಯ ತಂತಿಯೂ ಇಳಿದಿದೆ ಎಂದೆ. ಅವರು ಟೋಪಿ ತೆಗೆದು ಕೌಂಟರಿನ ಮೇಲಿಟ್ಟರು. ಸೋಮವಾರದಿಂದ ಬನ್ನಿ ಎಂದರು.

ಇನ್ನು ನನ್ನ ಮೊದಲ ಘನಕಾರ್ಯ. ಮೂರನೆಯ ವಾರ ಅಂಗಡಿಯ ಒಂದು ಹಳೆಯ ಪಿಯಾನೊವನ್ನು ನನಗೆ ಬಿಟ್ಟು ಹೊರಗೆ ಹೋದರು. ಶ್ರುತಿ ಮಾಡುವ ಹಿಡಿಗೆ ಹ್ಯಾಮರ್ ಎಂದು ಹೆಸರು, ಕೆಲಸ ಮಾತ್ರ ಬಿರಡೆ ತಿರುಗಿಸುವುದು. ಅದನ್ನು ಹಿಡಿದು ಇಡೀ ದಿನ ಕೂತೆ. ಷಡ್ಜಕ್ಕೆ ಪಂಚಮ ಕೂಡಿಸಿದೆ, ಗಾಂಧಾರ ಕೂಡಿಸಿದೆ. ಅಪ್ಪ ಕೇಳಿದ್ದರೆ ತಲೆದೂಗಬೇಕು, ಹಾಗೆ ಕೂಡಿಸಿದೆ. ಡಂಕನ್ ಬಂದು ಮೊದಲು ಮೂರು ಸ್ವರ ಒಟ್ಟಿಗೆ ಒತ್ತಿದರು. ಕಣ್ಣು ಮುಚ್ಚಿಕೊಂಡರು. "ಎಷ್ಟು ಚೆನ್ನಾಗಿದೆ" ಎಂದರು. ಆಮೇಲೆ ಕೈಯನ್ನು ಬೇರೆ ಮನೆಗಳಿಗೆ, ಎಂದರೆ ಬೇರೆ ಕೀಲಿಗಳಿಗೆ, ಸರಿಸಿ ಇನ್ನು ಮೂರು ಒತ್ತಿದರು. ಪಿಯಾನೊ ನಾಯಿಯ ಹಾಗೆ ಊಳಿಟ್ಟಿತು.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ವೀಣೆಯಲ್ಲಿ ಷಡ್ಜ ಒಂದೇ, ಉಳಿದವೆಲ್ಲ ಅದಕ್ಕೆ ಕೂಡಿ ನಿಂತರೆ ಆಯಿತು. ಪಿಯಾನೊದಲ್ಲಿ ಹನ್ನೆರಡರಲ್ಲಿ ಯಾವುದು ಬೇಕಾದರೂ ಷಡ್ಜವಾಗಬಹುದು. ನನಗೆ ಅದು ಹೊಳೆದಿರಲೇ ಇಲ್ಲ. ಡಂಕನ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಿಸೆಸ್ ಮೂರ್ತಿ, ಒಬ್ಬ ಮಗನಿಗೆ ಎಲ್ಲಾ ಆಸ್ತಿ ಬರೆದುಕೊಟ್ಟು ಹನ್ನೊಂದು ಮಕ್ಕಳನ್ನು ಬೀದಿಗೆ ತಳ್ಳಿದ್ದೀರಿ. ಹನ್ನೆರಡಕ್ಕೂ ಸ್ವಲ್ಪ ಸ್ವಲ್ಪ ಮೋಸ ಮಾಡಿ. ಆಗ ಮನೆ ನಡೆಯುತ್ತದೆ."

ಹಾಗೆ ಮೋಸ ಮಾಡುವುದನ್ನು ಕಲಿತೆ. ಪಂಚಮವನ್ನು ಕೂದಲೆಳೆಯಷ್ಟು ಇಳಿಸಬೇಕು, ಗಾಂಧಾರವನ್ನು ಬೇಕೆಂದೇ ಏರಿಸಬೇಕು. ಹೀಗೆ ಎರಡು ಸ್ವರ ಪೂರ್ತಿ ಕೂಡದಿದ್ದಾಗ ನಾದದಲ್ಲಿ ಅಲೆ ಏಳುತ್ತದೆ. ಸೆಕೆಂಡಿಗೆ ಎಷ್ಟು ಅಲೆ ಎಂದು ಎಣಿಸುವುದೇ ವಿದ್ಯೆ. ಒಂದು ಕಡೆ ಸುಮಾರು ಏಳು ಬರಬೇಕು. ಒಂದು ಸೆಕೆಂಡಿನಲ್ಲಿ ಇಂಗ್ಲಿಷಿನಲ್ಲಿ ಏಳು ಎಣಿಸಲು ನನ್ನ ನಾಲಿಗೆ ಹೊರಳದು. ಗೋಡೆ ಗಡಿಯಾರ ನೋಡಿಕೊಂಡು "ತಕಿಟ ತಕಧಿಮಿ" ಎಂದೆ. ಮಿಶ್ರ ಜಾತಿ, ಸರಿಯಾಗಿ ಏಳು. ಡಂಕನ್ ಹಿಂದಿನಿಂದ ಬಂದು ಇದೇನು ಮಂತ್ರ ಎಂದು ಕೇಳಿದರು. ವಾರದೊಳಗೆ ಅವರೂ ಬಿರಡೆ ತಿರುಗಿಸುತ್ತ "ಟಕಿಟ ಟಕಡಿಮಿ" ಎನ್ನುತ್ತಿದ್ದರು. ಈಗ ಯಂತ್ರಗಳಿವೆ, ದೀಪ ತಿರುಗಿ ತೋರಿಸುತ್ತವೆ. ಎಪ್ಪತ್ತರ ದಶಕದಲ್ಲೇ ನಮ್ಮ ಅಂಗಡಿಗೂ ಒಂದು ಬಂತು, ನಾನೂ ಬಳಸಿದೆ, ತಪ್ಪೇನಿಲ್ಲ. ಆದರೆ ಕರೆಂಟು ಹೋದ ದಿನಕ್ಕಾಗಿ ತಕಿಟ ತಕಧಿಮಿ ಗೊತ್ತಿರಲಿ.

ಮನೆ ಮನೆಗೆ ಹೋಗುವ ಪಾಡೂ ಸ್ವಲ್ಪ ಕೇಳಿ. ಬಾಗಿಲು ತೆಗೆದ ಹೆಂಗಸು ನನ್ನ ಹಿಂದೆ ಇಣುಕಿ "ಟ್ಯೂನರ್ ಎಲ್ಲಿ?" ಎನ್ನುತ್ತಿದ್ದಳು. ನಾನೇ ಎಂದರೆ ಮತ್ತೊಮ್ಮೆ ಇಣುಕುತ್ತಿದ್ದಳು. ಒಬ್ಬ ಪಾದ್ರಿಯ ಪಿಯಾನೊದ ಹೊಟ್ಟೆಯಲ್ಲಿ ಏಳು ಪೆನ್ಸಿಲ್, ಒಂದು ಚಮಚ, ಇಲಿಯ ಗೂಡು ಸಿಕ್ಕವು. ಅವರು ಚಮಚ ಮಾತ್ರ ನಮ್ಮದು ಎಂದರು. ಇನ್ನೊಂದು ಮನೆಯಲ್ಲಿ ಸೀರೆಯ ನೆರಿಗೆ ಪೆಡಲಿಗೆ ಸಿಕ್ಕಿ, ನಾನು ಎದ್ದರೆ ಪಿಯಾನೊ ನರಳುತ್ತದೆ, ಕೂತರೆ ಸುಮ್ಮನಾಗುತ್ತದೆ. ಆ ಶನಿವಾರವೇ ಪ್ಯಾಂಟು ಕೊಂಡೆ. ಮೂರ್ತಿ ನೋಡಿ, "ಅಮ್ಮನಿಗೆ ಫೋಟೋ ಕಳಿಸ್ಬೇಡ" ಎಂದಷ್ಟೇ ಹೇಳಿದರು.

ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಒಂದು ಮನೆಗೆ ಡಂಕನ್ ಜೊತೆ ಹೋಗಿದ್ದೆ. ಅವರು ಶ್ರುತಿ ಮಾಡುತ್ತಿದ್ದರು, ನಾನು ಚೀಲ ಹಿಡಿದು ನಿಂತಿದ್ದೆ. ಕೆಳಗಿನದು, ನಡುವಿನದು ಎಂದಿನಂತೆ ಅಚ್ಚುಕಟ್ಟು. ಕೊನೆಯ ಹನ್ನೆರಡು ಸ್ವರಗಳಿಗೆ ಬಂದಾಗ ನನ್ನ ಹಲ್ಲು ಜುಮ್ಮೆಂದಿತು. ಎಲ್ಲವೂ ಇಳಿದಿದ್ದವು. ಅಲ್ಲಿ ಒಂದೊಂದು ಸ್ವರಕ್ಕೂ ಮೂರು ತಂತಿ, ಮೂರೂ ಮೂರು ದಾರಿ. ಡಂಕನ್ ತೃಪ್ತಿಯಿಂದ ಮುಚ್ಚಳ ಮುಚ್ಚಿ ಟೋಪಿ ಹಾಕಿಕೊಂಡರು. ಅವರ ಕಿವಿಗೆ ಮೇಲಿನ ಸ್ವರ ಕೇಳಿಸುತ್ತಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಆ ಊರಿನಲ್ಲಿ ಅಂಗಡಿ ನಿಂತಿದ್ದೇ ಡಂಕನ್ ಕಿವಿಯ ಮೇಲೆ. ಅದು ಹೋಯಿತು ಎಂದು ಜನಕ್ಕೆ ತಿಳಿದರೆ ಅವರೂ ಇಲ್ಲ, ಅಂಗಡಿಯೂ ಇಲ್ಲ, ನಾನೂ ಇಲ್ಲ.

ಹೇಳುವುದು ಹೇಗೆ? ನನಗೆ ಅನ್ನದ ದಾರಿ ತೋರಿಸಿದವರು. ಗುರುವಿಗೆ ನಿಮ್ಮ ಶ್ರುತಿ ತಪ್ಪಿದೆ ಎನ್ನುವ ಬಾಯಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪನಿಗೆ ವಯಸ್ಸಾದ ಮೇಲೆ ಅವರು ಕಟ್ಟಿದ ಮೇಳವನ್ನು ವಿದ್ವಾಂಸರು ಎದುರಿಗೆ ಮೀಟಿ, "ಭೇಷ್" ಎಂದು ಕೈಮುಗಿದು, ಮನೆಗೆ ಒಯ್ದು ಬೇರೆಯವರಿಂದ ಸರಿಮಾಡಿಸಿಕೊಳ್ಳುತ್ತಿದ್ದರು. ಅದೇ ಮರ್ಯಾದೆ ಎಂದು ನೋಡಿಕೊಂಡು ಬೆಳೆದವಳು ನಾನು.

ನಾನೂ ಅದನ್ನೇ ಮಾಡಿದೆ. ಡಂಕನ್ ಶ್ರುತಿ ಮಾಡಿದ ಮನೆಗೆ ಮಾರನೆಯ ದಿನ ಬಸ್ಸು ಹತ್ತಿ ಹೋಗಿ, "ನಿನ್ನೆ ನನ್ನ ಸ್ಕಾರ್ಫ್ ಬಿಟ್ಟು ಹೋಗಿದ್ದೆ" ಎಂದು ಒಳಗೆ ಸೇರಿ, ಹುಡುಕುವ ನೆಪದಲ್ಲಿ, "ಒಂದು ತಂತಿ ನೋಡಿಬಿಡುತ್ತೇನೆ" ಎಂದು ಕೂತು, ಮೇಲಿನ ಹನ್ನೆರಡನ್ನೂ ಸರಿಮಾಡಿ ಬರುತ್ತಿದ್ದೆ. ಸ್ಕಾರ್ಫ್ ಆಯಿತು, ಕನ್ನಡಕವಾಯಿತು, ಕೈಗವಸಾಯಿತು. ಕೊನೆಗೆ ಒಬ್ಬಾಕೆ ಅಂಗಡಿಗೇ ಫೋನ್ ಮಾಡಿದಳು. ಡಂಕನ್ ನನ್ನನ್ನು ಕೂರಿಸಿಕೊಂಡು ಬೈದರು. "ಮಿಸೆಸ್ ಮೂರ್ತಿ, ನೀವು ಹೋದಲ್ಲೆಲ್ಲ ಏನಾದರೂ ಮರೆತು ಬರುತ್ತೀರಂತೆ. ಈ ಕೆಲಸದಲ್ಲಿ ಮರೆವು ಒಳ್ಳೆಯದಲ್ಲ." ತಲೆ ತಗ್ಗಿಸಿ ಬೈಗುಳ ತಿಂದೆ. ಒಳಗೊಳಗೆ, ಎಂಥ ತ್ಯಾಗ ಮಾಡುತ್ತಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೂರ್ತಿ ಮಾತ್ರ ಒಪ್ಪಲಿಲ್ಲ. "ಅವ್ರಿಗೆ ಹೇಳ್ಬಿಡೇ. ಫೀಡ್‌ಬ್ಯಾಕೇ ಬರ್ದೇ ಇದ್ರೆ ಸಿಸ್ಟಮ್ ಹೇಗೆ ಕರೆಕ್ಟ್ ಆಗತ್ತೆ? ಎಲ್ಲಾ ಸರಿಯಾಗಿದೆ ಅಂತಾನೇ ಅಂದ್ಕೊಳ್ಳತ್ತೆ."

"ಅವರೇನು ನಿಮ್ಮ ಟೆಲಿಫೋನ್ ಎಕ್ಸ್‌ಚೇಂಜಾ? ಹಿರಿಯರು ಕಣ್ರೀ."

"ಹಿರಿಯರು ಅಂತ್ಲೇ ಹೇಳ್ತಿರೋದು" ಎಂದು ಮೂರ್ತಿ ಪೇಪರ್ ತೆಗೆದುಕೊಂಡರು. ನಾನು ಮುಖ ತಿರುಗಿಸಿಕೊಂಡೆ.

ಹೀಗೇ ಚಳಿಗಾಲ ಕಳೆಯಿತು. ಕಾರ್ನಿಯಲ್ಲಿ ವಸಂತ ಬಂತೆಂದರೆ ಊರಿನ ದೊಡ್ಡ ಸಭೆಯ ಹಾಲಿನಲ್ಲಿ ಹಬ್ಬ. ಒಂದು ವಾರ ಹಾಡು, ಕುಣಿತ, ಮಕ್ಕಳ ಚಿತ್ರಗಳು, ಹೂವಿನ ಪ್ರದರ್ಶನ, ಕೊನೆಗೆ ಚೀಲ ಒತ್ತಿ ಊದುವ ಬ್ಯಾಗ್‌ಪೈಪ್ ಮೇಳ. ಹಿಂದೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಹೆಂಗಸರು ಚಳಿಗಾಲವಿಡೀ ಈ ಒಂದು ವಾರಕ್ಕೆಂದು ಹಾಡು ಕಲಿಯುತ್ತಿದ್ದರು. ಅವರನ್ನು ನಡೆಸುತ್ತಿದ್ದವರು ಮಿಸೆಸ್ ಬೇಯ್ನ್ ಎಂಬ ಮುದುಕಿ, ಶಾಲೆಯ ಸಂಗೀತದ ಟೀಚರು. ಎತ್ತರದ ಹೆಂಗಸು, ನಗುವುದಕ್ಕೆ ಲೈಸೆನ್ಸು ಬೇಕು ಎನ್ನುವ ಮುಖ. ಹಾಲಿನ ದೊಡ್ಡ ಪಿಯಾನೊದ ಶ್ರುತಿಯನ್ನು ಡಂಕನ್ ಬಿಟ್ಟು ಬೇರೆಯವರು ಮುಟ್ಟಕೂಡದು ಎಂಬುದು ಅವರ ಕಾನೂನು. "ನೀವು ನೆಲಕ್ಕೆ ಕೂತು ನುಡಿಸುವ ದೇಶದವರಲ್ಲವೇ?" ಎಂದು ನನ್ನನ್ನು ಒಮ್ಮೆ ಕೇಳಿದ್ದರು. ಹೌದು, ಕೂತು ಎದ್ದು ಅಭ್ಯಾಸವಿದೆ ಎಂದಿದ್ದೆ.

ಪ್ರತಿ ವರ್ಷ ಹಬ್ಬದ ಹಾಡುಗಳಿಗೆ ಪಿಯಾನೊದ ನಡುಭಾಗವೇ ಸಾಕಾಗಿತ್ತು. ಈ ಸಲ ಮಿಸೆಸ್ ಬೇಯ್ನ್ ಹೊಸದೊಂದು ಸೇರಿಸಿದ್ದರು. ಮಕ್ಕಳು ಹಕ್ಕಿಗಳಾಗಿ ಕುಣಿಯುವುದು, ಪಿಯಾನೊದ ತುತ್ತತುದಿಯ ಮನೆಗಳಲ್ಲಿ ಹಕ್ಕಿಗಳ ಉಲಿ. ಇದು ನನಗೆ ತಿಳಿದದ್ದು ಶನಿವಾರ ಬೆಳಿಗ್ಗೆ, ಕೊನೆಯ ಅಭ್ಯಾಸಕ್ಕೆ ಒಂದು ಗಂಟೆ ಮೊದಲು. ಡಂಕನ್ ಆಗಲೇ ಶ್ರುತಿ ಮುಗಿಸಿ ಪಿಯಾನೊದ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಕಾರ್ಯಕ್ರಮ. ಮಾರನೆಯ ದಿನ ಸ್ಕಾರ್ಫ್ ಹುಡುಕಿಕೊಂಡು ಬರುವ ಹಾಗಿರಲಿಲ್ಲ.

ಅಭ್ಯಾಸ ಶುರುವಾಯಿತು. ಗಾಯಕಿಯರು, ಮಕ್ಕಳು, ಅವರ ತಾಯಂದಿರು, ಬ್ಯಾಗ್‌ಪೈಪಿನವರು, ಒಟ್ಟು ನಲವತ್ತು ಜನ. ಹಕ್ಕಿಗಳು ರೆಕ್ಕೆ ಬಿಚ್ಚಿದವು. ಪಿಯಾನೊ ನುಡಿಸುವಾಕೆ ಮೇಲಿನ ಮನೆಗಳಿಗೆ ಹೋದಳು. ತಗಡಿನ ಡಬ್ಬಿ ಉರುಳಿದ ಹಾಗಾಯಿತು. ಒಂದು ಪುಟ್ಟ ಹಕ್ಕಿ ಕಿವಿ ಮುಚ್ಚಿಕೊಂಡಿತು.

ಮಿಸೆಸ್ ಬೇಯ್ನ್ ಕೈಯೆತ್ತಿ ನಿಲ್ಲಿಸಿದರು. "ಮಿಸ್ಟರ್ ಡಂಕನ್, ಮೇಲಿನದು ಮುಗಿಸಿಲ್ಲವೇ?"

"ಮುಗಿಸಿದ್ದೇನಲ್ಲ" ಎಂದು ಡಂಕನ್ ಎದ್ದು ಬಂದರು. ಬಗ್ಗಿ ಆ ಹನ್ನೆರಡನ್ನೂ ಒಂದೊಂದಾಗಿ ಒತ್ತಿದರು. ಇಡೀ ಹಾಲಿಗೆ ಕೇಳುತ್ತಿತ್ತು, ಅವರೊಬ್ಬರಿಗೆ ಕೇಳುತ್ತಿರಲಿಲ್ಲ. "ಚೆನ್ನಾಗಿಯೇ ಇದೆ" ಎಂದು ತಲೆಯೆತ್ತಿದರು. ಎಲ್ಲರೂ ನೆಲ ನೋಡಿದರು. ಅವರು ಒಂದೊಂದೇ ಮುಖ ನೋಡುತ್ತ ಬಂದು ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು.

"ಮಿಸೆಸ್ ಮೂರ್ತಿ, ಸರಿಯಾಗಿದೆಯೇ?"

ಹೌದು ಎಂದರೆ ಮಧ್ಯಾಹ್ನ ಊರಿಗೆ ಊರೇ ನಗುತ್ತದೆ. ಇಲ್ಲ ಎಂದರೆ ಈಗಲೇ, ಇಲ್ಲೇ, ನನ್ನ ಬಾಯಿಂದ. ಕೆಲಸವೂ ಹೋಗುತ್ತದೆ ಎಂದುಕೊಂಡೆ. ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರ ಕಣ್ಣಿನಲ್ಲಿದ್ದದ್ದು ನಿಜವಾದ ಪ್ರಶ್ನೆ.

"ಇಲ್ಲ" ಎಂದೆ.

ಅವರ ಮುಖದ ಕೆಂಪು ಇಳಿದು ಬಿಳಿಚಿಕೊಂಡಿತು. ಆಮೇಲೆ ಚೀಲದಿಂದ ಹ್ಯಾಮರ್ ತೆಗೆದು ನನ್ನ ಕೈಗೆ ಕೊಟ್ಟರು. "ಹಾಗಾದರೆ ಸರಿಮಾಡಿ." ಮಿಸೆಸ್ ಬೇಯ್ನ್ ಏನೋ ಹೇಳಲು ಬಾಯಿ ತೆರೆದರು. ಡಂಕನ್ ಅವರತ್ತ ತಿರುಗಿ, "ಮಕ್ಕಳನ್ನು ಹೊರಗೆ ಆಡಲು ಕಳಿಸಿ, ಮೇಡಂ. ಈಕೆಗೆ ನಿಶ್ಶಬ್ದ ಬೇಕು" ಎಂದರು.

ಮೊದಲ ಬಿರಡೆಗೆ ಹ್ಯಾಮರ್ ಸಿಕ್ಕಿಸಿದೆ. ಹೊರಗೆ ಕಾರುಗಳ ನಡುವೆ ನಿಂತು ಬ್ಯಾಗ್‌ಪೈಪಿನವರು ತಮ್ಮ ವಾದ್ಯ ಕೂಡಿಸತೊಡಗಿದರು. ಮೂರು ಕೊಳವೆಗಳು ಒಂದೇ ಷಡ್ಜ ಹಿಡಿದು ನಿಂತವು. ನಿಲ್ಲಿಸಲು ಹೇಳಲೇ ಎಂದು ಡಂಕನ್ ಸನ್ನೆ ಮಾಡಿದರು. ಸ್ವಲ್ಪ ಇರಲಿ ಎಂದೆ. ಆ ಶ್ರುತಿ ಪಿಯಾನೊಗೆ ಕೂಡುವುದಿಲ್ಲ, ನನಗೆ ಕೆಲಸಕ್ಕೂ ಬಾರದು. ಆದರೆ ಏಳು ಸಮುದ್ರದಾಚೆ ಪಾರ್ಕಿಂಗ್ ಲಾಟಿನಲ್ಲಿ ಯಾರೋ ತಂಬೂರಿ ಮೀಟಿದ ಹಾಗಿತ್ತು. ಕಣ್ಣು ತುಂಬಿಕೊಂಡಿತು, ಧೈರ್ಯ ಬಂತು. ಅವರು ನಿಲ್ಲಿಸಿದ ಮೇಲೆ ಹನ್ನೆರಡು ಸ್ವರ, ಮೂವತ್ತಾರು ತಂತಿ, ಐವತ್ತು ನಿಮಿಷ. ಡಂಕನ್ ಪಕ್ಕದಲ್ಲಿ ಕೂತು ಒಂದು ತಂತಿ ನೋಡುವಾಗ ಉಳಿದೆರಡರ ಸದ್ದು ಅಡಗುವಂತೆ ಬೆಣೆ ಹಾಕಿ ತೆಗೆದು ಕೊಟ್ಟರು, ನಾನು ಒಂದು ಕಾಲದಲ್ಲಿ ಅವರಿಗೆ ಕೊಡುತ್ತಿದ್ದ ಹಾಗೆ.

ಹಕ್ಕಿಗಳು ಚೆನ್ನಾಗಿ ಕುಣಿದವು. ಮಿಸೆಸ್ ಬೇಯ್ನ್ ನನ್ನ ಕಡೆ ನೋಡಿ ಗದ್ದ ಅಲ್ಲಾಡಿಸಿದರು. ಅವರ ಲೆಕ್ಕದಲ್ಲಿ ಅದು ದೊಡ್ಡ ನಗು.

ಕಾರ್ಯಕ್ರಮ ಮುಗಿದ ಮೇಲೆ ಡಂಕನ್ ಹಾಲಿನ ಮೆಟ್ಟಿಲ ಮೇಲೆ ಕೂತರು. ಎದುರಿನ ಚೆರ್ರಿ ಮರ ಹೂ ಉದುರಿಸುತ್ತಿತ್ತು.

"ಎಂದಿನಿಂದ ಗೊತ್ತು?"

"ಅಕ್ಟೋಬರಿನಿಂದ."

ಅವರು ಬೆರಳು ಮಡಿಸಿದರು. "ಸ್ಕಾರ್ಫ್. ಕನ್ನಡಕ. ಕೈಗವಸು." ಆಮೇಲೆ ನನ್ನತ್ತ ತಿರುಗಿದರು. ಅಷ್ಟು ಸಿಟ್ಟನ್ನು ನಾನು ಅವರಲ್ಲಿ ಕಂಡಿರಲಿಲ್ಲ. "ಏಳು ತಿಂಗಳು. ನನ್ನ ಅಂಗಿ ಬೆನ್ನಲ್ಲಿ ಹರಿದಿದ್ದರೂ ಹೇಳದೆ, ಊರೆಲ್ಲ ಸುತ್ತಲು ಬಿಟ್ಟು, ಹಿಂದಿನಿಂದ ಕೈ ಅಡ್ಡ ಹಿಡಿದುಕೊಂಡು ಬಂದಿರಿ. ಅಕ್ಟೋಬರಿನಲ್ಲೇ ಹೇಳಿದ್ದರೆ ನಾನು ಕೂಡಲೇ ಮೇಲಿನದನ್ನು ನಿಮಗೆ ಕೊಟ್ಟುಬಿಡುತ್ತಿದ್ದೆ. ಈ ಬೆಳಿಗ್ಗೆ ಆ ಮಕ್ಕಳ ಮುಂದೆ ನಿಲ್ಲುತ್ತಿರಲಿಲ್ಲ."

"ನಮ್ಮಲ್ಲಿ ಹಿರಿಯರಿಗೆ ಹಾಗೆ ಹೇಳುವುದಿಲ್ಲ, ಮಿಸ್ಟರ್ ಡಂಕನ್."

"ಹೇಳದೇ ಇದ್ದರೆ ಹಿರಿಯರು ಏನಾಗುತ್ತಾರೆ?"

ನನಗೆ ಉತ್ತರ ಗೊತ್ತಿತ್ತು. ಅಪ್ಪನ ಹತ್ತಿರ ವೀಣೆ ತರುವವರು ಒಬ್ಬೊಬ್ಬರಾಗಿ ನಿಂತುಹೋಗಿದ್ದರು. ಭೇಷ್ ಎಂದವರೇ ಬರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಬೆಳಿಗ್ಗೆ ಎದ್ದು ಮೇಣ ಕಾಯಿಸಿ, ಬಾಗಿಲು ನೋಡುತ್ತ ಕೂರುತ್ತಿದ್ದರು. ಕಾಲ ಕೆಟ್ಟಿತು ಎನ್ನುತ್ತಿದ್ದರು. ಆ ಮೆಟ್ಟಿಲ ಮೇಲೆ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ, ಡಂಕನ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕರವಸ್ತ್ರ ಕೊಟ್ಟರು. ಅದರ ತುಂಬ ಪಿಯಾನೊದ ಮಸಿ. ಮುಖವೆಲ್ಲ ಕಪ್ಪು ಮಾಡಿಕೊಂಡು ಮನೆಗೆ ಹೋದೆ.

ಸೋಮವಾರ ಕೆಲಸ ಇದೆಯೋ ಇಲ್ಲವೋ ಎಂದು ಅಂಜುತ್ತ ಹೋದರೆ ಡಂಕನ್ ಎರಡು ಚೀಲ ಸಿದ್ಧ ಮಾಡಿಟ್ಟಿದ್ದರು. ಅಂದಿನಿಂದ ಒಂದು ಪಿಯಾನೊಗೆ ಇಬ್ಬರು. ಕೆಳಗಿನದು, ನಡುವಿನದು ಅವರದು, ಮೇಲಿನದು ನನ್ನದು. ಜನ ಕೇಳಿದರೆ, "ಆ ಭಾಗಕ್ಕೆ ನನ್ನ ಕಿವಿ ಸಾಲದು" ಎಂದು ತಾವೇ ಹೇಳುತ್ತಿದ್ದರು. ಒಂದು ಮನೆಯೂ ನಮ್ಮನ್ನು ಬಿಡಲಿಲ್ಲ. ಆದರೆ ನನ್ನ ಮೇಲೊಂದು ಶಿಕ್ಷೆ ಹೇರಿದರು. ತಮ್ಮ ಪಾಲು ಮುಗಿಸಿದಾಗಲೆಲ್ಲ ಮನೆಯವರ ಎದುರಿಗೇ, "ಸರಿಯಾಗಿದೆಯೇ?" ಎಂದು ಗಟ್ಟಿಯಾಗಿ ಕೇಳುವುದು, ನಾನು ಉತ್ತರ ಕೊಡುವುದು. ಮೊದಮೊದಲು ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಜುಲೈ ಹೊತ್ತಿಗೆ, "ಇಲ್ಲ, ನಡುವಿನ ಪಂಚಮಕ್ಕೆ ನೀವು ಮೋಸವನ್ನೇ ಮಾಡಿಲ್ಲ" ಎಂದು ಹೇಳುವಷ್ಟು ಜೋರಾದೆ. ಆ ದಿನ ಅವರು ನನಗೆ ಐಸ್‌ಕ್ರೀಮ್ ಕೊಡಿಸಿದರು.

ಮುಂದೆ ಅಂಗಡಿ ನನ್ನ ಕೈಗೆ ಬಂದದ್ದು, ನ್ಯೂಯಾರ್ಕಿನ ಸಂಗೀತದ ಹಾಲ್‌ಗಳಿಗೆ ಹೋದದ್ದು ಎಲ್ಲ ಇದೆ. ಅದು ಹೇಳಿಕೊಳ್ಳುವವರಿಗೆ ಚೆಂದ, ಕೇಳುವವರಿಗೆ ಆಕಳಿಕೆ. ಆ ಇಬ್ಬರು ಹುಡುಗಿಯರಿಗೆ ನಾನು ಹೇಳಬೇಕಾದದ್ದು ಮುಂದಿನ ವರ್ಷದ ವಸಂತದ ಸಂಗತಿ.

ಅದೇ ಹಾಲ್, ಅದೇ ಪಿಯಾನೊ, ಹಬ್ಬದ ಬೆಳಿಗ್ಗೆ. ಡಂಕನ್ ತಮ್ಮ ಭಾಗ ಮುಗಿಸಿ ಕೇಳಿದರು, ಸರಿಯಾಗಿದೆ ಎಂದೆ. ನಾನು ನನ್ನ ಭಾಗ ಮುಗಿಸಿ ಹ್ಯಾಮರ್ ಕೆಳಗಿಟ್ಟೆ. ಮಿಸೆಸ್ ಬೇಯ್ನ್ ಕೈಕಟ್ಟಿ ನಿಂತಿದ್ದರು. ಡಂಕನ್ ಬಗ್ಗಿ ಕಟ್ಟಕಡೆಯ ಮನೆಯನ್ನು ಒತ್ತಿದರು. ಇನ್ನೊಮ್ಮೆ ಒತ್ತಿದರು.

"ನನಗೆ ಮರಕ್ಕೆ ತಟ್ಟಿದ ಸದ್ದು ಮಾತ್ರ ಕೇಳುತ್ತಿದೆ. ಸ್ವರ ಇದೆಯೇ?"

"ಇದೆ."

"ಸರಿಯಾಗಿದೆಯೇ?"

"ಸರಿಯಾಗಿದೆ."

ಅವರು ಮುಚ್ಚಳ ಮುಚ್ಚಿ ಟೋಪಿ ಹಾಕಿಕೊಂಡರು. ಮಿಸೆಸ್ ಬೇಯ್ನ್ ಮುಂದೆ ಬಂದರು. "ಮಿಸ್ಟರ್ ಡಂಕನ್, ಯಾರಾದರೂ ಇನ್ನೊಮ್ಮೆ ಪರೀಕ್ಷೆ ಮಾಡುವುದು ಬೇಡವೇ?"

"ಬೇಡ" ಎಂದರು ಡಂಕನ್, ಚೀಲ ಎತ್ತಿಕೊಳ್ಳುತ್ತ. "ಈಕೆ ನಲವತ್ತು ಜನರ ಮುಂದೆ ನನಗೆ ಇಲ್ಲ ಅಂದವಳು."